ಎಂಟನೇ ತರಗತಿಯ ಗಾಳಿ ಪಾಠ

ಜೂನ್ 3, ಸೋಮವಾರ

ಬೊಗಳುವ ನಾಯಿಗೆ ಬಿಸ್ಕತ್ತು ಬಿದ್ದಿದೆ. ಹೋದ ತಿಂಗಳು ಶಿಕ್ಷಣ ಕಚೇರಿಯ ಮೆಟ್ಟಿಲ ಮೇಲೆ ಮೈಕು ಹಿಡಿದು ನಿಂತವಳಿಗೆ ಅಮಾನತಿನ ಆದೇಶ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಆಹ್ವಾನ. ಎಂಟು, ಒಂಬತ್ತು, ಹತ್ತನೇ ತರಗತಿಗಳ ಇಂಗ್ಲಿಷ್ ಪಠ್ಯಕ್ರಮವನ್ನು ಹೊಸದಾಗಿ ಕಟ್ಟಲು ಸಮಿತಿ ಮಾಡಿದ್ದಾರಂತೆ. ಸರ್ಕಾರಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ಕೂದಲು ಹಣ್ಣಾದ ನಾನು ಅದರಲ್ಲಿರಬೇಕಂತೆ.

ಗಡ್ಡದ ಮೇಷ್ಟ್ರು ನಕ್ಕರು. ನಮ್ಮ ಶಾಲೆಯಲ್ಲಿ ವಿಜ್ಞಾನ ಕಲಿಸುವವರು, ನನ್ನ ಜೊತೆ ಎಷ್ಟೋ ಧರಣಿಗಳಲ್ಲಿ ಬಿಸಿಲಿಗೆ ಕೂತವರು. "ಒಳಗೆ ಕರೆದು ಕುರ್ಚಿ ಕೊಡೋದು ಹೊರಗಿನ ಗಂಟಲು ಕಟ್ಟೋಕೆ, ಮೇಡಂ" ಅಂದರು. ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುತ್ತೇನೆ, ಎತ್ತರವಾದರೂ ಸಿಗುತ್ತದಲ್ಲ ಅಂದೆ.

ಹೋಗುತ್ತೇನೆ. ಒಂದೇ ಒಂದು ಪಾಠಕ್ಕಾಗಿ ಹೋಗುತ್ತೇನೆ.

ಜೂನ್ 9, ಭಾನುವಾರ

ತಮ್ಮ ಸತ್ತು ಆರು ತಿಂಗಳು. ಇವತ್ತು ಬರೆದೇ ಬಿಡುತ್ತೇನೆ, ಬರೆಯದಿದ್ದರೆ ಎದೆಯಲ್ಲಿ ಕೊಳೆಯುತ್ತದೆ.

ಚರ್ಮ ಹದ ಮಾಡುವ ಕಾರ್ಖಾನೆಯ ಹಿಂದಿನ ಅಂಗಳದಲ್ಲಿ ಕೊಳೆನೀರಿನ ತೊಟ್ಟಿಯಿದೆ. ಪಕ್ಕದ ಗೋಡೆಗೆ ಇಂಗ್ಲಿಷ್ ಬೋರ್ಡು: ಗಾಳಿಯಾಡಿಸದೆ, ಅನಿಲ ಪರೀಕ್ಷಿಸದೆ ಇಳಿಯಬಾರದು ಎಂದು. ಬೋರ್ಡು ಹೊಡೆದರೆ ಮಾಲೀಕನ ಪಾಪ ಪರಿಹಾರ. ನನ್ನ ತಮ್ಮ ಆ ಬೋರ್ಡು ಓದಿದ. ಓದಬಲ್ಲವನೇ, ಶಾಲೆಯಲ್ಲಿ ಇಂಗ್ಲಿಷ್‌ಗೆ ಮೊದಲ ದರ್ಜೆ ತೆಗೆದವನು. ಮುಚ್ಚಳ ತೆಗೆದು ಅಂಚಿನಲ್ಲಿ ಕೂತನಂತೆ. ಜೊತೆಗಿದ್ದವನು ಗೇಟಿನ ಹತ್ತಿರ ನನಗೊಬ್ಬಳಿಗೇ ಹೇಳಿದ ಮಾತಿದು. "ವಾಸನೆ ಹೊಡೀತಿದೆ, ತಡಿ" ಅಂದನಂತೆ ತಮ್ಮ. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕಾದು, "ಈಗ ಹೋಯ್ತು, ಗಾಳಿ ಆಡಿದೆ" ಎಂದು ಇಳಿದನಂತೆ.

ಹೋದದ್ದು ವಾಸನೆಯಲ್ಲ, ಅವನ ಮೂಗು. ಗಡ್ಡದ ಮೇಷ್ಟ್ರು ಬಿಡಿಸಿ ಹೇಳಿದರು. ಆ ತೊಟ್ಟಿಯ ಅನಿಲ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕೊಂದುಬಿಡುತ್ತದೆ. ವಾಸನೆ ನಿಂತಿತೆಂದರೆ ಎದ್ದೆನೋ ಬಿದ್ದೆನೋ ಎಂದು ಓಡಬೇಕು. ನಮ್ಮವರು ವಾಸನೆ ನಿಂತಿತೆಂದು ಇಳಿಯುತ್ತಾರೆ.

ಆ ಬೋರ್ಡಿನಲ್ಲಿ ಅವನಿಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ. ಗೊತ್ತಿಲ್ಲದ್ದು ಗಾಳಿ. ಗಾಳಿಯ ಬಗ್ಗೆ ಏನೂ ತಿಳಿಯದವನಿಗೆ 'ವೆಂಟಿಲೇಷನ್' ಎಂಬ ಪದ ಕೊಟ್ಟು ಕಳಿಸಿದ್ದೇವೆ. ಕತ್ತೆಯಿಲ್ಲದ ಅಗಸನಿಗೆ ಗಂಟು ಕೊಟ್ಟ ಹಾಗೆ, ಹೊರಲಿಕ್ಕೂ ಆಗದು, ಬಿಚ್ಚಲಿಕ್ಕೂ ಆಗದು.

ತಮ್ಮನ ಹೆಂಡತಿಗೆ ಇದನ್ನು ಹೇಳಿಲ್ಲ. ಅವಳ ಪಾಲಿಗೆ ಅದು 'ಗ್ಯಾಸು', ಅಷ್ಟೇ. ಅಂಚಿನಲ್ಲಿ ಕೂತು ಕಾದಿದ್ದ, ಬದುಕುವ ಲೆಕ್ಕಾಚಾರದಲ್ಲೇ ಇದ್ದ ಎಂದು ಹೇಳಲು ನಾಲಿಗೆ ಏಳುವುದಿಲ್ಲ. ಪಾಠ ಬರೆಯುತ್ತೇನೆ. ಅವನ ಮಗಳು ಮೆಣಸು ಈ ವರ್ಷ ಎಂಟನೇ ತರಗತಿ. ಅವಳು ಶಾಲೆಯಲ್ಲಿ ಓದಿ ಬಂದು ಅಮ್ಮನಿಗೆ ಹೇಳಲಿ. ನಾಳೆ ಇನ್ನೊಬ್ಬ ಅಂಚಿನಲ್ಲಿ ಕೂತಾಗ ಅವನಿಗೂ ಹೇಳಲಿ.

ಜೂನ್ 21

ಸಮಿತಿಗೆ ಹೋಗುವ ಮುಂಚೆ ಸಾಕ್ಷಿ ಬೇಕಿತ್ತು. ನನ್ನದೇ ತರಗತಿಯಲ್ಲಿ ಒಂದು ಪರೀಕ್ಷೆ ಹೂಡಿದೆ.

ಬಾಯಿಗೆ ಬಂದ ಸುಳ್ಳು ಪದಗಳನ್ನು ಸೇರಿಸಿ ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಸಾಲು ಬರೆದೆ: 'ದ ಬ್ಲಿಕ್ ಗ್ರಂಪ್ಡ್ ದ ತೋವಾ ಇನ್ ದ ಮೆಸಲ್.' ಯಾವ ಭಾಷೆಯಲ್ಲೂ ಅರ್ಥವಿಲ್ಲ. ಪ್ರಶ್ನೆ: ಬ್ಲಿಕ್ ತೋವಾವನ್ನು ಎಲ್ಲಿ ಗ್ರಂಪ್ ಮಾಡಿತು? ಇಡೀ ತರಗತಿ ತಲೆಯೆತ್ತದೆ ಬರೆಯಿತು: 'ಇನ್ ದ ಮೆಸಲ್.' ಎಲ್ಲರದೂ ಸರಿ. ಎಲ್ಲರಿಗೂ ಪೂರ್ತಿ ಅಂಕ ಕೊಡಬೇಕು, ನಮ್ಮ ಪದ್ಧತಿಯ ಪ್ರಕಾರ.

ಬ್ಲಿಕ್ ಅಂದರೇನು ಎಂದು ಒಬ್ಬರೂ ಕೇಳಲಿಲ್ಲ. ಪ್ರಶ್ನೆಯ ಪದವನ್ನು ಪಾಠದಲ್ಲಿ ಹುಡುಕು, ಆ ಸಾಲನ್ನು ಎತ್ತಿ ಬರೆ. ಇದನ್ನೇ ಅಲ್ಲವೇ ನಾವು ಕಲಿಸಿದ್ದು? 'ಓದುವ ಕೌಶಲ' ಎಂದು ಹೆಸರು ಬೇರೆ! ಬಡವರ ಮಕ್ಕಳಿಗೆ ಕೌಶಲ, ಉಳ್ಳವರ ಮಕ್ಕಳಿಗೆ ಜ್ಞಾನ. ಅವರ ಮನೆಯಲ್ಲಿ ಊಟಕ್ಕೆ ಕೂತಾಗ ಕೋರ್ಟು, ಕಾಯಿದೆ, ಹೃದಯ, ಶ್ವಾಸಕೋಶ ಎಲ್ಲ ಮಾತಿಗೆ ಬರುತ್ತದೆ. ನಮ್ಮ ಮಕ್ಕಳಿಗೆ ಶಾಲೆಯೊಂದೇ ಗತಿ, ಅಲ್ಲೂ ಮೆಸಲ್.

ಜುಲೈ 6, ಶನಿವಾರ

ಮೊದಲ ಸಭೆ. ಉದ್ದ ಮೇಜು, ತಣ್ಣನೆ ಕೋಣೆ, ಪ್ರತಿಯೊಬ್ಬರ ಮುಂದೆ ಮುಚ್ಚಳದ ನೀರಿನ ಬಾಟಲಿ. ಅಧ್ಯಕ್ಷರು ನಿವೃತ್ತ ಪ್ರಾಧ್ಯಾಪಕರು, ಮೃದು ಮಾತಿನ ಮುದುಕರು. ಅವರ ಬಲಕ್ಕೆ ಕೂತವನು ಯಾವುದೋ ತರಬೇತಿ ಸಂಸ್ಥೆಯ ಸಲಹೆಗಾರ. ಯಾರು ಏನೇ ಇಟ್ಟರೂ 'ಹೊರೆ ಆಗ್ತದೆ, ಕಡಿಮೆ ಮಾಡೋಣ' ಅನ್ನುತ್ತಾನೆ. ಕತ್ತರಿ ಎಂದು ಹೆಸರಿಟ್ಟಿದ್ದೇನೆ. ಮಕ್ಕಳಿಗೆ ಮಕ್ಕಳು ಅನ್ನುವುದಿಲ್ಲ, 'ಕಲಿಕಾರ್ಥಿಗಳು' ಅನ್ನುತ್ತಾನೆ. ಹಸಿದ ಕಲಿಕಾರ್ಥಿ, ಚಪ್ಪಲಿ ಹರಿದ ಕಲಿಕಾರ್ಥಿ. ಥೂ.

ನನ್ನ ಯೋಜನೆ ಇಟ್ಟೆ. ಪಾಠಗಳು ಬಿಡಿ ಹೂಗಳಲ್ಲ, ಮೆಟ್ಟಿಲು. ಎಂಟರಲ್ಲಿ ಗಾಳಿ, ನೀರು, ದೇಹ. ಒಂಬತ್ತರಲ್ಲಿ ಯಂತ್ರ, ಊರು, ಕಾಯಿದೆ. ಇವನ್ನೇ ಇಂಗ್ಲಿಷ್‌ನಲ್ಲಿ ಓದಿ, ಮಾತಾಡಿ, ಬರೆದು ಹತ್ತಕ್ಕೆ ಬಂದ ಮಗು ಕಡೆಯ ಪಾಠವಾಗಿ ಒಂದು ತನಿಖಾ ವರದಿ ಓದಬೇಕು: ತೊಟ್ಟಿಯಲ್ಲಿ ಸತ್ತ ಕಾರ್ಮಿಕನೊಬ್ಬನ ಸಾವಿನ ತನಿಖೆ, ಮೇಷ್ಟ್ರ ಸಹಾಯವಿಲ್ಲದೆ, ಮೊದಲಿಂದ ಕೊನೆಯವರೆಗೆ. ಎಂಟರ ಗಾಳಿ ಇಲ್ಲದೆ ಹತ್ತರ ವರದಿ ಅರ್ಥವಾಗದು.

ಬ್ಲಿಕ್ಕಿನ ಕಥೆಯನ್ನೂ ಹೇಳಿದೆ. ಅಧ್ಯಕ್ಷರು ಬಿದ್ದು ಬಿದ್ದು ನಕ್ಕರು. ಕತ್ತರಿ ನಗಲಿಲ್ಲ. ಬರೆದುಕೊಂಡ.

ಜುಲೈ 18

ಗಾಳಿ ಪಾಠದ ಮೊದಲ ಭಾಗ ಮುಗಿಯಿತು. ಗಡ್ಡದ ಮೇಷ್ಟ್ರು ನಮ್ಮ ಅಡುಗೆಮನೆಯಲ್ಲೇ ಪ್ರಯೋಗ ಮಾಡಿದರು. ಜಾಡಿಯಲ್ಲಿ ಸೋಡಾಪುಡಿಗೆ ನಿಂಬೆರಸ ಹಾಕಿದರು, ಅದು ಬುಸುಗುಟ್ಟಿತು. ಆಮೇಲೆ ಜಾಡಿಯನ್ನು ಉರಿಯುವ ಮೇಣದಬತ್ತಿಯ ಮೇಲೆ ಬಗ್ಗಿಸಿದರು. ಏನೂ ಸುರಿದಂತೆ ಕಾಣಲಿಲ್ಲ, ದೀಪ ಆರಿತು. ಮೆಣಸು ಬಾಯಿ ಬಿಟ್ಟು ನೋಡಿದಳು.

"ಅತ್ತೆ, ಗಾಳೀಲೂ ಭಾರದ್ದು ಹಗುರದ್ದು ಇರುತ್ತಾ? ಹಾಗಾದ್ರೆ ಭಾರದ್ದು ತಳದಲ್ಲೇ ಕೂತಿರುತ್ತೆ."

ಇಷ್ಟು ಸಾಕು ನನಗೆ. ಮೂರು ಇಂಗ್ಲಿಷ್ ಪುಟ ತಾನೇ ಓದಿದಳು. ಗೊತ್ತಿಲ್ಲದ ಪದ ಬಂದಾಗ ಅರಿವಿನಿಂದ ಊಹಿಸಿದಳು, ಊಹೆ ಸರಿಯಿತ್ತು. ತಮ್ಮನ ಹೆಂಡತಿ ಪಾತ್ರೆ ಉಜ್ಜುತ್ತಾ, ಆ ಜಾಡಿಯನ್ನು ನೀವೇ ತೊಳೆದಿಡಿ ಮೇಷ್ಟ್ರೇ, ವಿಜ್ಞಾನಿಗಳಿಗೆ ಸೋಪು ಕಂಡರೆ ಹೆದರಿಕೆಯೇ ಎಂದು ಛೇಡಿಸಿದಳು. ಅವಳು ನಕ್ಕದ್ದನ್ನು ನೋಡಿ ಎಷ್ಟು ದಿನವಾಗಿತ್ತು.

ಎರಡನೇ ಭಾಗ ಮೂಗಿನದು. ಅದನ್ನು ಮೆಣಸಿಗೆ ತೋರಿಸಲಿಲ್ಲ. ಪುಸ್ತಕವಾಗಿ ಬರಲಿ. ಇಡೀ ತರಗತಿಯ ನಡುವೆ ಕೂತು ಓದಲಿ. ಒಬ್ಬಳೇ ಓದಿ ಅಪ್ಪನ ಮುಖ ಕಾಣುವುದು ಬೇಡ.

ಆಗಸ್ಟ್ 2, ಶುಕ್ರವಾರ

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಜನ. ಪಾಠ ಉದ್ದವಾಯಿತು ಎಂದು ಪಾಠವನ್ನೇ ತೆಗೆಯೋಣ ಅನ್ನುತ್ತಾರೆ. ಗಾಳಿ ವಿಜ್ಞಾನದವರ ಪಾಲಿನದಂತೆ, ಇಂಗ್ಲಿಷ್ ಬರೀ ಇಂಗ್ಲಿಷ್ ಕಲಿಸಬೇಕಂತೆ. ಬರೀ ಇಂಗ್ಲಿಷ್ ಅಂದರೆ ಏನು? ಅನ್ನವಿಲ್ಲದ ಬರೀ ಊಟವೇ?

ಕತ್ತರಿಯ ಇನ್ನೊಂದು ವಾದ: ತೊಟ್ಟಿ, ಸಾವು ಎಲ್ಲ ನಕಾರಾತ್ಮಕ. ಅಧ್ಯಕ್ಷರು ದನಿ ತಗ್ಗಿಸಿ ನಿಜ ಹೇಳಿದರು: "ಕಾರ್ಖಾನೆಗಳ ಸಂಘದೋರು ನಾಳೆ ಇದೇ ಮಕ್ಕಳಿಗೆ ಕೆಲ್ಸ ಕೊಡೋರಮ್ಮ. ಅವ್ರನ್ನ ಪಾಠದಲ್ಲೇ ಕಳ್ಳರನ್ನ ಮಾಡಿದ್ರೆ ಹೇಗೆ?"

ಪಾಠದಲ್ಲಿ ಮಾಡುವುದೇನು ಬಂತು ಸಾರ್, ಅವರು ಆಗಲೇ ಆಗಿದ್ದಾರೆ ಅಂದೆ. ಮೇಜು ಗುದ್ದಿದೆ. ಬಾಟಲಿ ಉರುಳಿತು. ಈ ಪಾಠ ಹೋದರೆ ನಾನೂ ಹೋಗುತ್ತೇನೆ, ಹೋಗುವ ದಾರಿಯಲ್ಲಿ ಪತ್ರಿಕೆಯವರನ್ನು ಕರೆಯುತ್ತೇನೆ ಅಂದೆ. ಪಾಠ ಉಳಿಯಿತು.

ಆಗಸ್ಟ್ 20

ಉಳಿಯಿತು, ಆದರೆ ಅರ್ಧ. ಮೇಣದಬತ್ತಿ, ಭಾರದ ಗಾಳಿ ಹೋಯಿತು. ಮೂಗಿನ ಭಾಗ ಗಟ್ಟಿಯಾಗಿ ಹಿಡಿದುಕೊಂಡೆ, ಅದೇ ಮುಖ್ಯ. ಒಂದು ಕೊಟ್ಟು ಒಂದು ಉಳಿಸಿಕೊಳ್ಳುವುದು ಸೋಲಲ್ಲ. ಚಳವಳಿಯಲ್ಲೂ ಮಾತುಕತೆಗೆ ಕೂತಿಲ್ಲವೇ?

ಗಡ್ಡದ ಮೇಷ್ಟ್ರಿಗೆ ಹೇಳಿದೆ. ಭಾರ ತೆಗೆದರೆ ಅನಿಲ ತಳದಲ್ಲೇ ಯಾಕೆ ಕೂರುತ್ತದೆ ಎಂದು ಮಗು ಕೇಳಿದರೆ ಏನು ಹೇಳ್ತೀರಿ ಅಂದರು. ಎಲ್ಲದಕ್ಕೂ ಕೊಕ್ಕೆ ಹಾಕುವುದು ಅವರ ಅಭ್ಯಾಸ.

ಸೆಪ್ಟೆಂಬರ್ 11

ನನ್ನನ್ನು ಸಂಚಾಲಕಿ ಮಾಡಿದ್ದಾರೆ. ನಾನು ಕೇಳಿದ್ದಲ್ಲ. ನೀವಿಲ್ಲದೆ ಈ ಸಮಿತಿಗೆ ಜೀವವಿಲ್ಲ ಎಂದು ಅಧ್ಯಕ್ಷರು ಎಲ್ಲರ ಎದುರಿಗೆ ಹೇಳಿದರು. ಶಾಲೆಯಿಂದ ಪೂರ್ತಿ ಬಿಡುಗಡೆ, ಮೂರನೇ ಮಹಡಿಯಲ್ಲಿ ಒಂದು ಕೋಣೆ. ಕಿಟಕಿ ತೆರೆಯಲು ಬರುವುದಿಲ್ಲ, ಆದರೆ ಫ್ಯಾನು ಚೆನ್ನಾಗಿದೆ. ಕಾರ್ಖಾನೆಯ ನಾತ ಇಲ್ಲಿಯವರೆಗೆ ಬರುವುದಿಲ್ಲ.

ಕತ್ತರಿ ಅಷ್ಟೇನೂ ಕೆಟ್ಟವನಲ್ಲ. ಅವನೂ ಸರ್ಕಾರಿ ಶಾಲೆಯಲ್ಲೇ ಓದಿದವನಂತೆ. ಕಂಪ್ಯೂಟರಿನಲ್ಲಿ ಪುಟ ಜೋಡಿಸುವುದನ್ನು ತಾಳ್ಮೆಯಿಂದ ಕಲಿಸಿದ. ಮೂಗಿನ ಭಾಗವನ್ನು ಪಾಠದ ಕೊನೆಯಲ್ಲಿ ಚೌಕಟ್ಟು ಹಾಕಿ ಆರು ಸಾಲಿಗೆ ಇಳಿಸಿದರೆ ಕಣ್ಣಿಗೆ ಬೀಳುತ್ತದೆ ಅಂದ. ಒಪ್ಪಿದೆ. ನಿಜಕ್ಕೂ ಚೆನ್ನಾಗಿ ಕಾಣುತ್ತದೆ.

ಸೆಪ್ಟೆಂಬರ್ 30

ಹತ್ತನೇ ತರಗತಿಯ ತನಿಖಾ ವರದಿ ತೆಗೆಯೋಣ ಎಂದು ನಾನೇ ಸೂಚಿಸಿದೆ. ಕೆಳಗಿನ ಮೆಟ್ಟಿಲು ಸಡಿಲವಾದ ಮೇಲೆ ಮೇಲಿನದನ್ನು ಇಟ್ಟುಕೊಂಡು ಕಲಿಕಾರ್ಥಿಗಳನ್ನು ಬೀಳಿಸುವುದು ನ್ಯಾಯವಲ್ಲ. ಯಾರೂ ಕೇಳುವ ಮೊದಲೇ ಹೇಳಿದ್ದಕ್ಕೆ ಅಧ್ಯಕ್ಷರಿಗೆ ಬಹಳ ಸಂತೋಷ.

ಅಕ್ಟೋಬರ್ 14, ಸೋಮವಾರ

ಮನೆಯಲ್ಲಿ ರಾದ್ಧಾಂತ. ಕಾರ್ಖಾನೆಯವರು ತಮ್ಮನ ಬದಲಿಗೆ ಅವನ ಹೆಂಡತಿಗೆ ಕೆಲಸ ಕೊಡುತ್ತಾರಂತೆ, ಗುಡಿಸುವುದು ತೊಳೆಯುವುದು. ನಾನಿರುವವರೆಗೆ ನೀನು ಆ ಗೇಟು ದಾಟಬೇಕಿಲ್ಲ ಎಂದು ಅವನನ್ನು ಹೂಳಿದ ಗುಂಡಿಯ ಮುಂದೆ ನಿಂತು ಹೇಳಿದ್ದವಳು ನಾನು. ಇವತ್ತೂ ಹಾಗೇ ಹೇಳಲು ಹೊರಟೆ.

"ಅಕ್ಕ, ನೀವು ಮನೇಲಿ ಇರೋದೇ ಇಲ್ವಲ್ಲ" ಅಂದಳು. ದನಿ ಎತ್ತಲಿಲ್ಲ. "ನಿಮ್ಮ ಪುಸ್ತಕ ಮುಗಿಯೋ ತನಕ ನಾನು ಗೋಡೆ ನೋಡ್ತಾ ಕೂತಿರ್ಲಾ?"

ಹಠ ಹಿಡಿದರೆ ಅವಳು ಕಲ್ಲು. ಅಷ್ಟಕ್ಕೂ ಮುಂದಿನ ಅಂಗಳದ ಕೆಲಸ, ಕಚೇರಿ ಗುಡಿಸುವುದು. ತೊಟ್ಟಿ ಇರುವುದು ಹಿಂದೆ. ಆ ವಿಷಯ ಅವಳಿಗೆ ಹೇಳಿಬಿಡಬೇಕು ಅನ್ನಿಸಿತು. ಚೌಕಟ್ಟಿನ ಆರು ಸಾಲು ಇದೆಯಲ್ಲ, ಕೆಲವು ಶಾಲೆಗಳಲ್ಲಿ ಮೊದಲು ಓದಿಸಿ ನೋಡುವ ಪ್ರಾಯೋಗಿಕ ಪುಸ್ತಕ ಬಂದ ಕೂಡಲೇ ಮೆಣಸೇ ಓದಿ ಹೇಳುತ್ತಾಳೆ. ನಾನು ಹೇಳಿದರೆ ಹೆದರಿಸಿದಂತಾಗುತ್ತದೆ.

ಅಕ್ಟೋಬರ್ 23

ಪುಟ ಮಿತಿ. ಚೌಕಟ್ಟು ಹೋಯಿತು. ಅದರ ಬದಲಿಗೆ 'ಕಾರ್ಖಾನೆಯ ಗೇಟಿನಲ್ಲಿ' ಎಂಬ ಸಂಭಾಷಣೆ ಸೇರಿಸಿದ್ದೇವೆ. ಒಬ್ಬ ಹೊಸ ನೌಕರ, ಒಬ್ಬ ಮೇಲ್ವಿಚಾರಕ. ಗುಡ್ ಮಾರ್ನಿಂಗ್ ಸರ್. ಪ್ಲೀಸ್ ರೀಡ್ ದ ಸೇಫ್ಟಿ ಬೋರ್ಡ್. ಯೆಸ್ ಸರ್, ಥ್ಯಾಂಕ್ಯೂ ಸರ್. ಸುರಕ್ಷತೆಯ ಅಂಶ ಹೇಗೂ ಬಂದಿತಲ್ಲ, ಅದೂ ಸಕಾರಾತ್ಮಕವಾಗಿ. ಪಾಠದ ಹೆಸರು ಮಾತ್ರ 'ಗಾಳಿ' ಎಂದೇ ಇರಲಿ ಎಂದು ಹಠ ಹಿಡಿದು ಗೆದ್ದೆ. ಗೇಟಿನ ಚಿತ್ರದ ಪಕ್ಕ ಒಂದು ಗಾಳಿಪಟ ಬಿಡಿಸಿಕೊಟ್ಟರು ಚಿತ್ರಕಾರರು.

ಸುಸ್ತು.

ನವೆಂಬರ್ 8, ಶುಕ್ರವಾರ

ಪ್ರಾಯೋಗಿಕ ಪುಸ್ತಕ ಓದಿಸಿದ ಶಾಲೆಗಳ ಪರೀಕ್ಷೆಯ ಫಲಿತಾಂಶ ಬಂತು. ನಮ್ಮ ಶಾಲೆಯೂ ಅವುಗಳಲ್ಲಿ ಒಂದು. ನೂರಕ್ಕೆ ತೊಂಬತ್ತಾರು ಕಲಿಕಾರ್ಥಿಗಳು 'ಗಾಳಿ' ಘಟಕದ ಎಲ್ಲ ಪ್ರಶ್ನೆಗಳಿಗೂ ಸರಿಯುತ್ತರ ಬರೆದಿದ್ದಾರೆ. ಮೆಣಸಿಗೆ ಪೂರ್ತಿ ಅಂಕ. ಇಂಥ ಫಲಿತಾಂಶ ಎಂದೂ ಬಂದಿಲ್ಲ ಎಂದು ಅಧ್ಯಕ್ಷರು ಚಹಾ ತರಿಸಿದರು. ಸಲಹೆಗಾರರು ನನ್ನ ಕೈ ಕುಲುಕಿದರು.

ಖುಷಿ ಹಂಚಿಕೊಳ್ಳಲು ಶಾಲೆಗೆ ಹೋದರೆ ಗಡ್ಡದ ಮೇಷ್ಟ್ರು ಉತ್ತರಪತ್ರಿಕೆ ತಿರುವುತ್ತಾ ಕೂತಿದ್ದರು. ತಲೆಯೆತ್ತದೆ ಕೇಳಿದರು:

"ಬ್ಲಿಕ್ ತೋವಾನ ಎಲ್ಲಿ ಗ್ರಂಪ್ ಮಾಡ್ತು, ಮೇಡಂ?"

ಏನು ಹೇಳುತ್ತಿದ್ದಾರೆಂದು ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮೈ ಉರಿಯಿತು. ಒಳಗೆ ನಿಂತು ಕಟ್ಟುವವರ ಕಷ್ಟ ಹೊರಗೆ ನಿಂತು ಹಲ್ಲು ಕಿಸಿಯುವವರಿಗೆ ಏನು ಗೊತ್ತು? ಹಾಗೇ ಅಂದೆ. ಅವರು ಪತ್ರಿಕೆಗಳನ್ನು ಅಂಚು ಸೇರಿಸಿ ಕಟ್ಟಿಟ್ಟರು. "ನಿಮ್ಮ ತಮ್ಮನೂ ಪೂರ್ತಿ ಅಂಕದೋನೇ ಅಲ್ವಾ" ಅಂದರು. ಎದ್ದು ಬಂದೆ. ಸತ್ತವರನ್ನು ಜಗಳಕ್ಕೆ ಎಳೆಯುವವರ ಜೊತೆ ಇನ್ನು ಮಾತಿಲ್ಲ.

ನವೆಂಬರ್ 25

ಮುನ್ನುಡಿ ಬರೆದೆ. 'ಜ್ಞಾನವೇ ಓದಿನ ತಾಯಿಬೇರು' ಎಂದು ಆರಂಭ. ಸಲಹೆಗಾರರು ಒಂದಕ್ಷರವನ್ನೂ ಕತ್ತರಿಸಲಿಲ್ಲ.

ಡಿಸೆಂಬರ್ 12, ಗುರುವಾರ

ನಾಳೆ ಪುಸ್ತಕ ಬಿಡುಗಡೆ. ಭಾಷಣ ಸಿದ್ಧ ಮಾಡುತ್ತಾ ಕೂತಿದ್ದೆ. ಕಾರ್ಖಾನೆಗಳ ಸಂಘದವರೂ ವೇದಿಕೆಯ ಮೇಲಿರುತ್ತಾರೆ, ಹಾಗಾಗಿ ಕೆಲವು ಮಾತು ನಯ ಮಾಡಬೇಕು.

ತಮ್ಮನ ಹೆಂಡತಿ ಕೆಲಸದಿಂದ ಬಂದಳು. ಈ ವಾರದಿಂದ ಅವಳನ್ನು ಹಿಂದಿನ ಅಂಗಳಕ್ಕೆ ಹಾಕಿದ್ದಾರಂತೆ. ಪೆನ್ನು ಕೆಳಗಿಟ್ಟೆ. ಹೆದರಬೇಡಿ ಅಕ್ಕ, ಹೊಸ ಬೋರ್ಡು ಹಾಕಿದ್ದಾರೆ ಎಂದು ಫೋನಿನಲ್ಲಿ ಅದರ ಚಿತ್ರ ತೋರಿಸಿದಳು. ಮೆಣಸು ಕಸಿದುಕೊಂಡು ಓದಿದಳು. ಎಷ್ಟು ಸ್ಪಷ್ಟ ಉಚ್ಚಾರ! ಒಂದು ಪದಕ್ಕೂ ತಡವರಿಸಲಿಲ್ಲ.

"ಅಂದ್ರೆ ಏನೇ?" ಅಮ್ಮ ಕೇಳಿದಳು.

"ಗಾಳಿಯಾಡಿಸದೆ ಒಳಗೆ ಇಳೀಬೇಡಿ ಅಂತ."

"ಗಾಳಿ ಆಡಿದೆ ಅಂತ ಗೊತ್ತಾಗೋದು ಹೇಗೆ?"

ಮೆಣಸು ನನ್ನ ಮುಖ ನೋಡಿದಳು. ಜುಲೈನಲ್ಲಿ ಜಾಡಿಯ ಮುಂದೆ ಕೂತಾಗ ನೋಡಿದ್ದಂತೆಯೇ. ಅಷ್ಟರಲ್ಲಿ ಅಧ್ಯಕ್ಷರ ಫೋನು ಬಂತು. ನಾಳೆ ಮಾಲೆ ಯಾರು ಯಾರಿಗೆ ಹಾಕಬೇಕೆಂಬ ಗೊಂದಲ. ಬಗೆಹರಿಸಿ ಒಳಗೆ ಬರುವ ಹೊತ್ತಿಗೆ ತಾಯಿ ಮಗಳು ತಾವೇ ಉತ್ತರ ಕಂಡುಕೊಂಡಿದ್ದರು.

"ಪಾಠದಲ್ಲಿ ಅದಿಲ್ಲಮ್ಮ" ಅನ್ನುತ್ತಿದ್ದಳು ಮೆಣಸು.

"ಬಿಡು, ನಂಗೇ ಗೊತ್ತಾಗುತ್ತೆ. ಮೊದಲೆರಡು ದಿನ ಎಂಥ ನಾತ ಅಂತೀಯಾ, ಹೊಟ್ಟೆ ತೊಳಸೋದು. ಇವತ್ತು ಅಂಚಲ್ಲೇ ನಿಂತಿದ್ದೆ. ಮೊದಲು ಬಂತು, ಆಮೇಲೆ ಒಂದು ಚೂರೂ ವಾಸನೆ ಇಲ್ಲ."

ಏನೋ ನೆನಪಿಗೆ ಬಂದಂತಾಯಿತು, ಕೈಗೆ ಸಿಗಲಿಲ್ಲ. ಭಾಷಣದ ಕೊನೆಯ ಸಾಲು ಇರಬೇಕು.

ಅಂತೂ ಹೊಂದಿಕೊಂಡಿದ್ದಾಳೆ. ಅದೇ ಸಮಾಧಾನ. ನಾಳೆ ಅವಳಿಗೆ ಬೆಳಗಿನ ಪಾಳಿ, ಸಮಾರಂಭಕ್ಕೆ ಬರಲಾಗುವುದಿಲ್ಲವಂತೆ. ಒಂದು ಪುಸ್ತಕ ತಂದುಕೊಡುತ್ತೇನೆ ಅಂದಿದ್ದೇನೆ.